26 ಸಲ ಬೀಳಬಲ್ಲ ಲ್ಯಾಪ್‌ಟಾಪ್ ಒಂದೇ ಸಲ ಬಿದ್ದ ಬಗ್ಗೆ

ಜುಹು, ಮುಂಬೈ
14 ಆಗಸ್ಟ್ 2025

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಕಚೇರಿ

ವಿಷಯ: ನಿಮ್ಮ ರಗ್ಡ್ ಲ್ಯಾಪ್‌ಟಾಪ್, ನಿಮ್ಮ ಅಂಧೇರಿ ಸರ್ವಿಸ್ ಸೆಂಟರ್ ಮತ್ತು ನನ್ನ 47 ದಿನಗಳು

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಹನ್ನೆರಡನೇ ಪತ್ರ. ಮೊದಲ ಹನ್ನೊಂದನ್ನು ಇಂಗ್ಲಿಷಿನಲ್ಲಿ ಇಮೇಲ್ ಮಾಡಿದ್ದೆ. ಹನ್ನೊಂದಕ್ಕೂ ಎರಡೇ ಸೆಕೆಂಡಿನಲ್ಲಿ ಉತ್ತರ ಬಂತು. ನಿಮ್ಮ ತೊಂದರೆ ನಮಗೆ ಮುಖ್ಯ, 48 ಗಂಟೆಯೊಳಗೆ ಸಂಪರ್ಕಿಸುತ್ತೇವೆ ಅಂತ. ಎರಡು ಸೆಕೆಂಡಿನಲ್ಲಿ ಓದಿ ಮುಗಿಸುವವರು ಮನುಷ್ಯರಲ್ಲ ಅಂತ ತಿಳಿಯಲು ನನಗೆ ಹನ್ನೊಂದು ಪತ್ರ ಬೇಕಾಯಿತು. ನಿಮ್ಮ ದೊಡ್ಡ ಕಚೇರಿ ಬೆಂಗಳೂರಿನಲ್ಲಿದೆ. ಹಾಗಾಗಿ ಈ ಸಲ ಕನ್ನಡದಲ್ಲಿ ಬರೆದು, ಪ್ರಿಂಟ್ ತೆಗೆದು, ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಲಕೋಟೆ ಒಡೆಯಲಿಕ್ಕಾದರೂ ಯಾರದೋ ಕೈ ಬೇಕಲ್ವಾ.

ಸಿಟ್ಟು ಮಾಡಿಕೊಳ್ಳದೆ ಬರೆಯಿರಿ ಅಂತ ಮನೆಯಾಕೆ ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ನಾನು ಲೈಸೆನ್ಸ್ ಇರುವ ಎ.ಎಂ.ಇ., ಅಂದರೆ ವಿಮಾನ ನಿರ್ವಹಣಾ ಇಂಜಿನಿಯರ್. ನೌಕರಿ ಬಿಟ್ಟ ಮೇಲೆ ಜುಹು ಏರ್‌ಪೋರ್ಟಿನಲ್ಲಿ ಸ್ವಂತವಾಗಿ ಕೆಲಸ ಹಿಡಿದಿದ್ದೇನೆ. ಹೆಲಿಕಾಪ್ಟರುಗಳ ರೋಟರ್ ಟ್ರ್ಯಾಕ್ ಅಂಡ್ ಬ್ಯಾಲೆನ್ಸ್, ಅಂದರೆ ತಿರುಗುವ ರೆಕ್ಕೆಗಳು ಒಂದೇ ಮಟ್ಟದಲ್ಲಿ, ಅಲುಗದೆ ಸುತ್ತುವಂತೆ ಸರಿಮಾಡುವುದು, ನನ್ನ ಮುಖ್ಯ ಕೆಲಸ. ಗಿಯರ್‌ಬಾಕ್ಸಿಗೆ, ಕ್ಯಾಬಿನ್ನಿಗೆ ಸೆನ್ಸರ್ ಕಟ್ಟಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ನೆಲದ ಮೇಲೆ ಒಂದು ಸಲ, ಹೋವರ್‌ನಲ್ಲಿ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಂತಾಗ, ಒಂದು ಸಲ, ಮುಂದಕ್ಕೆ ಹಾರುವಾಗ ಒಂದು ಸಲ ಕಂಪನ ಅಳೆಯುತ್ತೇನೆ. ಸಾಮಾನ್ಯವಾಗಿ 0.2 ಐಪಿಎಸ್ (ಕಂಪನದ ವೇಗ, ಸೆಕೆಂಡಿಗೆ ಇಷ್ಟು ಇಂಚು ಅಂತ) ಒಳಗೆ ತರಲು ನೋಡುತ್ತೇವೆ. ಸಂಜೆ ಹೊತ್ತು ಅದೇ ರೀಡಿಂಗುಗಳನ್ನು ಇಟ್ಟುಕೊಂಡು ಹೊಸ ಹುಡುಗರಿಗೆ, ಕಲಿಯುತ್ತಿರುವ ಪೈಲಟ್‌ಗಳಿಗೆ ಪಾಠ ಮಾಡುತ್ತೇನೆ. ತಲೆಯ ಮೇಲಿನ ಮೇನ್ ರೋಟರಿನ ಬ್ಯಾಲೆನ್ಸ್ ತಪ್ಪಿದರೆ ಸೀಟು ಸುತ್ತಿಗೊಮ್ಮೆ ಅಲುಗುತ್ತದೆ. ಬಾಲದ ಟೇಲ್ ರೋಟರ್ ಆದರೆ ಪೆಡಲ್‌ನಲ್ಲಿ ಕಾಲಿಗೆ ಸಣ್ಣಗೆ ಜುಮ್ ಅನ್ನುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಪರದೆಯ ಮೇಲೆ ಗೆರೆ ತೋರಿಸಬೇಕು.

ಈ ಗೆರೆಗಳು ಸುಮ್ನೆ ಅಲ್ಲ. 1986ರ ನವೆಂಬರಿನಲ್ಲಿ ಸ್ಕಾಟ್‌ಲ್ಯಾಂಡಿನ ಶೆಟ್‌ಲ್ಯಾಂಡ್ ಹತ್ತಿರ ತೈಲ ಬಾವಿಯಿಂದ ಜನರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಟ್ರಾನ್ಸ್‌ಮಿಷನ್ನಿನ ಒಂದು ಗಿಯರ್ ಕೈಕೊಟ್ಟಿತ್ತು. 45 ಜನ ಹೋದರು. ಹೆಲಿಕಾಪ್ಟರಿನ ಕಂಪನವನ್ನು ಕಂಪ್ಯೂಟರಿನಿಂದ ಸದಾ ಕಾಯುವ ಪದ್ಧತಿ ಆ ಮೇಲೆಯೇ ಬೇರೂರಿದ್ದು. ಜುಹುವಿನಿಂದಲೂ ಕಡಲಿನ ಬಾಂಬೆ ಹೈ ತೈಲ ಬಾವಿಗಳಿಗೆ ಹೆಲಿಕಾಪ್ಟರುಗಳು ಹೋಗುತ್ತವೆ. ಇದೆಲ್ಲ ನಿಮಗೆ ಗೊತ್ತಿಲ್ಲ ಅಂತ ಹೇಗೆ ಅನ್ನಲಿ? ನಿಮ್ಮ ಬ್ರೋಷರಿನ ಮುಖಪುಟದಲ್ಲೇ ಹೆಲಿಕಾಪ್ಟರ್ ಇದೆ. ಅದರ ಪಕ್ಕ ಒಬ್ಬ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಾನೆ. ಚಿತ್ರದಲ್ಲಿ ಮಳೆಯೂ ಬರುತ್ತಿದೆ. ಆ ಮಳೆಯನ್ನು ನೋಡಿಯೇ ನಾನು 2,86,000 ರೂಪಾಯಿ ಕೊಟ್ಟೆ.

ಕೊಂಡದ್ದು 2024ರ ಅಕ್ಟೋಬರ್. ಬಿಲ್ಲು, ಸೀರಿಯಲ್ ನಂಬರ್ ಲಗತ್ತಿಸಿದ್ದೇನೆ. ವಾರಂಟಿ ಮೂರು ವರ್ಷ. ಕಲಂ 4(ಬಿ) ಏನು ಹೇಳುತ್ತದೆ ಅಂತ ನಾನು ನಿಮಗೆ ಹೇಳಿಕೊಡಬೇಕಿಲ್ಲ, ಬರೆದವರು ನೀವೇ.

ಜೂನ್ 26ರ ಗುರುವಾರ ಹ್ಯಾಂಗರಿನ ಬಾಗಿಲ ಹತ್ತಿರ ಕೆಲಸ ಮಾಡುತ್ತಿದ್ದಾಗ ಎರಚಲು ಬಡಿಯಿತು. ಲ್ಯಾಪ್‌ಟಾಪ್ ಆಫ್ ಆಯಿತು. ಮತ್ತೆ ಏಳಲಿಲ್ಲ. ಶನಿವಾರ ಅಂಧೇರಿಗೆ ಒಯ್ದೆ. ಅಲ್ಲಿ ಒಂದು ಹಸಿರು ಫಾರಂ ಕೊಟ್ಟರು. ಅದರಲ್ಲಿ ಒಂದು ಪ್ರಶ್ನೆ: ಯಂತ್ರ ಹಿಂದೆ ಯಾವಾಗಲಾದರೂ ಬಿದ್ದಿದೆಯೇ? ನಾನು ಬರೆದೆ: ಹೌದು, ಏಪ್ರಿಲ್ ತಿಂಗಳಲ್ಲಿ ಟೂಲ್ ಟ್ರಾಲಿಯಿಂದ ಒಂದು ಸಲ, ಎತ್ತರ ಸುಮಾರು ಮೂರು ಅಡಿ, ಬಲಗಡೆಯ ಮೂಲೆ ನೆಲಕ್ಕೆ ತಾಗಿತು, ಆಮೇಲೆ ಎರಡು ತಿಂಗಳು ಚೆನ್ನಾಗಿ ಓಡಿತು.

ಇಷ್ಟು ಬರೆದದ್ದೇ ನನ್ನ ಅಪರಾಧ ಅಂತ ಆಮೇಲೆ ತಿಳಿಯಿತು.

ಜುಲೈ ಪೂರ್ತಿ ಫೋನಿನಲ್ಲಿ ಕಳೆಯಿತು. ಅದನ್ನು ಬರೆಯುತ್ತಾ ಕೂರುವುದಿಲ್ಲ. ಬಿಡಿಭಾಗ ಮುಂಬೈ ಪಕ್ಕದ ಭಿವಂಡಿ ಗೋದಾಮಿನಿಂದ ಹೊರಟಿದೆ ಅಂತ ಆರು ಸಲ ಹೇಳಿದರು. ಭಿವಂಡಿ ಎಲ್ಲಿದೆ ಅಂತ ಮುಂಬೈಯಲ್ಲಿ ಯಾರನ್ನು ಬೇಕಾದರೂ ಕೇಳಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆ ಹೊತ್ತು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಅದೇ ದಿನ ನಮ್ಮ ಜುಹುವಿಗೆ ಬಂದಿದ್ದರು. ನಿಮ್ಮ ಬಿಡಿಭಾಗ ಯಾವ ದಾರಿಯಲ್ಲಿ ಬರುತ್ತಿದೆಯೋ ಕಾಣೆ.

ಈಗ ಮೊನ್ನೆ ಮಂಗಳವಾರದ ಮಾತು. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನನ್ನ ಜೊತೆ ನನ್ನ ಶಿಷ್ಯ ಒಬ್ಬನಿದ್ದ, ಇಪ್ಪತ್ತೆರಡು ವರ್ಷದ ಹುಡುಗ. ನನ್ನ ಟೋಕನ್ 63. ಬೋರ್ಡಿನಲ್ಲಿ 41 ಕಾಣುತ್ತಿತ್ತು. ಕೂರಲು ಇದ್ದ ನಾಲ್ಕು ಕುರ್ಚಿಗಳಲ್ಲಿ ಒಂದರ ಮೇಲೆ ನಿಮ್ಮ ಸಿಬ್ಬಂದಿಯ ಊಟದ ಡಬ್ಬಿ ಇತ್ತು. ಎರಡು ಗಂಟೆ ಹತ್ತು ನಿಮಿಷ ನಿಂತೆವು. ನಡೆದ ಮಾತೆಲ್ಲ ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಗೆ ಬರೆಯುವಾಗ ಅವಮಾನ ಸ್ವಲ್ಪ ಕಡಿಮೆಯಾದರೆ ಅದು ನಿಮ್ಮ ಅದೃಷ್ಟ.

ಕೌಂಟರಿನ ಹುಡುಗ ನನ್ನ ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ಬಿಚ್ಚಿ ಇಟ್ಟ. ಪೋರ್ಟಿನ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಪಕ್ಕದ ಗ್ರಾಹಕರಿಗೂ ಕಾಣುವ ಹಾಗೆ ತಿರುಗಿಸಿ ಕೇಳಿದ:

"ಅಂಕಲ್, ಇದನ್ನು ಹೊರಗಡೆ ತಗೊಂಡು ಹೋಗಿದ್ರಾ?"

ನಾನು ಹೌದು ಅಂದೆ. ಹೆಲಿಕಾಪ್ಟರ್ ಮನೆಯೊಳಗೆ ಬರುವುದಿಲ್ಲ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

"ಮಳೆಯಲ್ಲಿ?"

"ಎರಚಲು ಬಡಿಯಿತು. ಇದು ಐಪಿ65 ಅಲ್ವಾ?"

"ಅದು ಇದ್ದೇ ಇರುತ್ತೆ ಅಂಕಲ್. ಆದ್ರೂ ನಾವೇ ಹುಷಾರಾಗಿರಬೇಕು. ಎಸಿ ರೂಮಿನಲ್ಲಿ ಇಟ್ಟು ಉಪಯೋಗಿಸಿ."

ಐಪಿ65 ಅಂದರೆ ಧೂಳು, ನೀರು ತಡೆಯುವ ದರ್ಜೆ. ಅದರಲ್ಲಿ 5 ಅಂದರೆ 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಚಿಮ್ಮಿಸಿದರೂ ಒಳಗೆ ಹಾನಿಯಾಗಬಾರದು. ಇದನ್ನು ಅವನಿಗೆ ಹೇಳಿದೆ. ಅವನು ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ. ಅವರ ಕೈಯಲ್ಲಿ ನನ್ನ ಹಸಿರು ಫಾರಂ ಇತ್ತು. "ಹೌದು" ಅನ್ನುವ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಲ್ಯಾಪ್‌ಟಾಪ್ ಬಿದ್ದಿದೆ, ಬಿದ್ದಾಗ ಚೌಕಟ್ಟು ಸೊಟ್ಟಗಾಗಿದೆ, ಅದರಿಂದ ಪೋರ್ಟಿನ ಮುಚ್ಚಳದ ರಬ್ಬರ್ ಸೀಲ್ ಸಡಿಲವಾಗಿ ನೀರು ಹೋಗಿದೆ, ಆದ್ದರಿಂದ ಗ್ರಾಹಕರ ತಪ್ಪು, ರಿಪೇರಿಗೆ 1,38,000 ರೂಪಾಯಿ ಅಂದರು.

ನಾನು ಬ್ರೋಷರ್ ತೆಗೆದೆ. ಮಿಲ್-ಸ್ಟ್ಯಾಂಡರ್ಡ್ 810ಜಿ, ಅಂದರೆ ಅಮೆರಿಕದ ಸೇನೆಯ ಪರೀಕ್ಷಾ ನಿಯಮದ ಪ್ರಕಾರ, ನಾಲ್ಕು ಅಡಿ ಎತ್ತರದಿಂದ 26 ಸಲ ಅಂತ ನೀವೇ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಒಟ್ಟು 26. ಕಾಂಕ್ರೀಟಿನ ಮೇಲೆ ಎರಡು ಇಂಚಿನ ಪ್ಲೈವುಡ್ ಹಾಸಿ ಅದರ ಮೇಲೆ ಬೀಳಿಸುವುದು. ನನ್ನದು ಮೂರೇ ಅಡಿಯಿಂದ ಒಂದೇ ಸಲ ಬಿದ್ದದ್ದು.

ಮ್ಯಾನೇಜರ್ ನಕ್ಕರು. ಆ ನಗು ಇನ್ನೂ ನನ್ನ ಕಣ್ಣ ಮುಂದಿದೆ.

"ಸರ್, ಆ 26 ಸಲ ಒಂದೇ ಪೀಸಿಗೆ ಅಂತ ಎಲ್ಲಿದೆ? ಐದು ಪೀಸುಗಳಿಗೆ ಹಂಚಿ ಹಾಕಬಹುದು. ನಿಯಮದಲ್ಲೇ ಇದೆ."

ಇದೆ, ನಿಜ. ನಾನೂ ಓದಿದ್ದೇನೆ. ಅಮೆರಿಕದ ಸೇನೆ ಯಾವ ಲ್ಯಾಪ್‌ಟಾಪಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಕಂಪನಿಗಳು ತಾವೇ ಪರೀಕ್ಷೆ ಮಾಡಿಸಿ ತಾವೇ ಪಾಸಾಗಬಹುದು ಅಂತಲೂ ಗೊತ್ತು. ಆದರೆ 26ನ್ನು ಐದಕ್ಕೆ ಹಂಚಿದರೂ ನನ್ನ ಪಾಲಿಗೆ ಐದು ಬರುತ್ತದೆ. ಒಂದು ಮುಗಿದಿದೆ, ನಾಲ್ಕು ಬಾಕಿ ಇರಬೇಕಲ್ಲ ಅಂದೆ.

"ಬೀಳೋ ಪರೀಕ್ಷೆ ಬೇರೆ ಪೀಸಿಗೆ ಸರ್, ನೀರಿನ ಪರೀಕ್ಷೆ ಬೇರೆ ಪೀಸಿಗೆ. ಒಂದೇ ಪೀಸು ಬಿದ್ದು, ಆಮೇಲೆ ನೆನೆಯಬಾರದು."

ಮಾನ್ಯರೇ, ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಬಿದ್ದದ್ದು ನೆನೆಯಬಾರದು, ನೆನೆದದ್ದು ಬೀಳಬಾರದು. ಇದು ನಿಮ್ಮ ಕಂಪನಿಯ ಅಧಿಕೃತ ನಿಲುವಾದರೆ ಬ್ರೋಷರಿನಲ್ಲಿ ಹಾಕಿ. ಗಿರಾಕಿಗಳು ಮಳೆಗಾಲಕ್ಕೊಂದು, ಬೀಳಿಸುವುದಕ್ಕೊಂದು ಅಂತ ಎರಡೆರಡು ಕೊಳ್ಳುತ್ತಾರೆ.

ಆಮೇಲೆ ಒಂದು ಕಾಗದ ಮುಂದೆ ತಳ್ಳಿದರು. "ನನ್ನ ಅಜಾಗರೂಕತೆಯಿಂದ ಯಂತ್ರ ಹಾಳಾಗಿದೆ" ಅಂತ ಅಚ್ಚು ಹಾಕಿತ್ತು. ಸಹಿ ಮಾಡದಿದ್ದರೆ ಒಳಗಿರುವ ನನ್ನ ಡಿಸ್ಕ್ ಕೊಡುವುದಿಲ್ಲ ಅಂದರು. ಡಿಸ್ಕಿನಲ್ಲಿ ಮೂರು ಹೆಲಿಕಾಪ್ಟರುಗಳ ಎಂಟು ತಿಂಗಳ ಕಂಪನದ ದಾಖಲೆ ಇದೆ. ಒಂದು ಬೇರಿಂಗ್ ಸವೆಯುತ್ತಿದೆಯೋ ಇಲ್ಲವೋ ಅಂತ ಹೇಳಲು ಇವತ್ತಿನ ಅಂಕಿ ಸಾಲದು, ಹಿಂದಿನದರ ಪಕ್ಕ ಇಟ್ಟು ನೋಡಬೇಕು. ಸಹಿ ಮಾಡಿದೆ. ಹಿಂದೆ ಸಾಲಿನಲ್ಲಿ ನಿಂತವರೊಬ್ಬರು "ಜಲ್ದಿ ಮಾಡಿ ಸಾಹೇಬ್ರೇ" ಅಂದರು. ಸಹಿ ಆದ ಮೇಲೆ ಡಿಸ್ಕ್ ಬೇರೆ ವಿಭಾಗದಲ್ಲಿದೆ, ನಾಳೆ ಬನ್ನಿ ಅಂದರು. ಹೊರಡುವಾಗ ಕೌಂಟರಿನ ಹುಡುಗ 499 ರೂಪಾಯಿಯ ಪ್ಲಾಸ್ಟಿಕ್ ಕವರ್ ಒಂದನ್ನು ತೋರಿಸಿ, ಮುಂದಿನ ಮಳೆಗಾಲಕ್ಕೆ ಇದು ಒಳ್ಳೇದು ಅಂಕಲ್ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೊಬ್ಬನೇ ಅಲ್ಲಿ ನಿಜ ಹೇಳಿದವನು.

ಆಟೋದಲ್ಲಿ ಬರುವಾಗ ನನ್ನ ಶಿಷ್ಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಸರ್, ಫಾರಂನಲ್ಲಿ ಬಿದ್ದಿಲ್ಲ ಅಂತ ಬರೆದಿದ್ರೆ ಆಗ್ತಿತ್ತಲ್ವಾ?"

ನನಗೆ 1,38,000ಕ್ಕಿಂತ ಇದು ದುಬಾರಿಯಾಯಿತು. ನಮ್ಮ ಹ್ಯಾಂಗರಿನಲ್ಲಿ ಕೈತಪ್ಪಿ ಒಂದು ಬೇರಿಂಗ್ ನೆಲಕ್ಕೆ ಬಿದ್ದರೆ, ನೋಡಲು ಏನೂ ಆಗಿಲ್ಲದಿದ್ದರೂ, ಕೆಂಪು ಟ್ಯಾಗ್ ಕಟ್ಟಿ ಬದಿಗಿಡುತ್ತೇವೆ. ಬೀಳಿಸಿದವನು ಬಂದು ಹೇಳಬೇಕು. ಹೇಳಿದವನಿಗೆ ಬೈಯುವ ಹಾಗಿಲ್ಲ, ಬೈದರೆ ನಾಳೆಯಿಂದ ಯಾರೂ ಹೇಳುವುದಿಲ್ಲ, ಎತ್ತಿ ಒರೆಸಿ ಹಾಕಿಬಿಡುತ್ತಾರೆ. ಈ ಒಂದು ಪಾಠವನ್ನು ಆ ಹುಡುಗನ ತಲೆಗೆ ತುಂಬಲು ನನಗೆ ಒಂದು ವರ್ಷ ಹಿಡಿದಿತ್ತು. ನಿಮ್ಮ ಮ್ಯಾನೇಜರ್ ಕಾಲು ಗಂಟೆಯಲ್ಲಿ ಅಳಿಸಿದರು. ವಿಮಾನ ಸುರಕ್ಷತೆಗೆ ನಿಮ್ಮ ಕೊಡುಗೆ ಅಂತ ಬ್ರೋಷರಿನಲ್ಲಿ ಒಂದು ಪುಟ ಇದೆಯಲ್ಲ, ಅಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಅದೇ ದಿನ ರಾತ್ರಿ 8:40ಕ್ಕೆ ಎಸ್‌ಎಂಎಸ್ ಬಂತು. "ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಈ ಪತ್ರವನ್ನೇ ಆ ಪ್ರಶ್ನೆಗೆ ಉತ್ತರ ಅಂತ ತಿಳಿಯಿರಿ.

ನನಗೆ ಬೇಕಾದದ್ದು: ಡಿಸ್ಕ್ ಈ ವಾರವೇ. ಆ ಸಹಿ ಮಾಡಿಸಿದ ಕಾಗದ ವಾಪಸ್. ಲ್ಯಾಪ್‌ಟಾಪ್ ದುಡ್ಡಿಲ್ಲದೆ ರಿಪೇರಿ, ಇಲ್ಲವೇ ಹೊಸದು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು, ಅದರ ಹಿಂದೆಯೇ ಜಿಲ್ಲಾ ಗ್ರಾಹಕ ಆಯೋಗ. ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ ಅಂತ ನಿಮ್ಮ ವಕೀಲರು ಹೇಳುತ್ತಾರೆ, ಗೊತ್ತು. 2019ರ ಕಾಯ್ದೆಯಲ್ಲಿ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನೂ ಗ್ರಾಹಕನೇ. ದೂರನ್ನು ನಾನಿರುವ ಊರಿನಲ್ಲೇ ಹಾಕಬಹುದು. ಹಾಗಾಗಿ ಬೆಂಗಳೂರಿನಿಂದ ಮುಂಬೈಗೆ ಓಡಾಡುವುದು ಈ ಸಲ ನಿಮ್ಮ ಸರದಿ. ಕುರ್ಚಿಯ ಮೇಲೆ ಯಾರದೂ ಡಬ್ಬಿ ಇರದ ಹಾಗೆ ನೋಡಿಕೊಳ್ಳುತ್ತೇನೆ.

ಇನ್ನೊಂದು. ಮುಂದಿನ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ನೀವು ಯಲಹಂಕದಲ್ಲಿ ಸ್ಟಾಲ್ ಹಾಕಿದರೆ ನಾನೂ ಬರುತ್ತೇನೆ. ಲ್ಯಾಪ್‌ಟಾಪ್ ತರುತ್ತೇನೆ, ಅಳತೆ ಟೇಪ್ ತರುತ್ತೇನೆ, ಎರಡು ಇಂಚಿನ ಪ್ಲೈವುಡ್ಡನ್ನೂ ನಾನೇ ತರುತ್ತೇನೆ. ಕಾಂಕ್ರೀಟು ಅಲ್ಲಿ ಬೇಕಾದಷ್ಟಿದೆ. ನಿಮ್ಮ ಗಿರಾಕಿಗಳ ಎದುರಿಗೇ ಬೀಳಿಸುತ್ತೇನೆ. ಒಂದು ಮೂಲೆ ಆಗಲೇ ಮುಗಿದಿದೆ. ಏಳು ಮೂಲೆ, ಹನ್ನೆರಡು ಅಂಚು, ಆರು ಮುಖ ಬಾಕಿ ಇವೆ. ಎಣಿಸಲು ನನ್ನ ಶಿಷ್ಯ ಬರುತ್ತಾನೆ, ಎರಡರಿಂದ ಶುರು ಮಾಡು ಅಂತ ಹೇಳಿಟ್ಟಿದ್ದೇನೆ.

ಇಂತಿ,
ಟೋಕನ್ ನಂಬರ್ 63

ಲಗತ್ತು: ಬಿಲ್ಲು, ವಾರಂಟಿ ಕಾರ್ಡ್, ಹಸಿರು ಫಾರಂನ ಪ್ರತಿ, ಹನ್ನೊಂದು ಇಮೇಲುಗಳು, ಮಳೆಯ ಚಿತ್ರವಿರುವ ನಿಮ್ಮ ಬ್ರೋಷರ್