ಸೊನ್ನೆ ಎಲ್ಲಿದೆ ಎಂದು ಮೊದಲು ಕೇಳು

ಉಡುಪಿ

ಚಿ. ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನೀನು ಮಂಗಳೂರಿನಲ್ಲಿ ಸರ್ವೆ ಪಾರ್ಟಿ ಸೇರಿದೆಯಂತೆ, ಮೊದಲ ಕೆಲಸವೇ ಅಳಿವೆಬಾಗಿಲಿನ ಹೂಳೆತ್ತುವುದಕ್ಕೂ ಪಕ್ಕದ ಜೆಟ್ಟಿಗೂ ಲೆವೆಲ್, ಎಂದರೆ ಎತ್ತರ ತಗ್ಗಿನ ಅಳತೆ, ತೆಗೆಯುವುದಂತೆ. ನಿನ್ನ ಅಮ್ಮ ಹೇಳಿದಳು. ಬಹಳ ಸಂತೋಷವಾಯಿತು. ನೀನು ಅವಳ ಹತ್ತಿರ ಗೊಣಗಿದ್ದನ್ನೂ ಹೇಳಿದಳು: ‘ಡೇಟಮ್ ಅಂದರೆ ಸಮುದ್ರಮಟ್ಟ ತಾನೇ, ಅದನ್ನು ಇವರು ದಿನಕ್ಕೆ ಹತ್ತು ಸಲ ಯಾಕೆ ಕೇಳುತ್ತಾರೆ?’ ಕೇಳುವವರು ಸರಿಯಾಗಿಯೇ ಕೇಳುತ್ತಿದ್ದಾರೆ ಪುಟ್ಟಾ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಪೇಪರಿನಲ್ಲಿ ಬರುವ ಜಲಾಶಯಗಳ ಪಟ್ಟಿಯನ್ನು ನೋಡಿದ್ದೀಯಲ್ಲ? ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಲಿಂಗನಮಕ್ಕಿಯದು 1819 ಅಡಿ. ಒಂದರ ಕೆಳಗೆ ಒಂದು ಅಚ್ಚಾಗಿರುತ್ತದೆ. ಓದಿದವರಿಗೆ ಲಿಂಗನಮಕ್ಕಿ ಎಷ್ಟೋ ಎತ್ತರದಲ್ಲಿದೆ ಎನಿಸಬೇಕು. ನಿಜ ನೋಡಿದರೆ ಕನ್ನಂಬಾಡಿಯ ನೀರೇ ಲಿಂಗನಮಕ್ಕಿಯ ನೀರಿಗಿಂತ ನೂರಾರು ಅಡಿ ಮೇಲಿದೆ. ಕೆಆರ್‌ಎಸ್‌ನವರು ಎಣಿಸುವುದು ಕಟ್ಟೆಯ ಬುಡದಲ್ಲಿ ತಾವೇ ಇಟ್ಟುಕೊಂಡ ಸೊನ್ನೆಯಿಂದ, ಲಿಂಗನಮಕ್ಕಿಯವರು ಎಣಿಸುವುದು ಸಮುದ್ರದಿಂದ. ಬೇಸಿಗೆಯಲ್ಲಿ ಮಂಗಳೂರಿನವರು ದಿನಾ ಆತಂಕದಿಂದ ನೋಡುವ ತುಂಬೆ ಅಣೆಕಟ್ಟಿನ ಮೀಟರ್ ಲೆಕ್ಕವೂ ಅದರದೇ ಸೊನ್ನೆಯಿಂದ ಎಣಿಸಿದ್ದು. ಆ ಸೊನ್ನೆಗೇ ಡೇಟಮ್ ಎನ್ನುವುದು. ಅದನ್ನು ಹೇಳದೆ ಕೊಟ್ಟ ಎತ್ತರ ಎತ್ತರವೇ ಅಲ್ಲ ಎಂದು ನಾನು ನಂಬಿದ್ದೇನೆ, ನೀನೂ ನಂಬಬೇಕು.

ಸಮುದ್ರಮಟ್ಟ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಸಮುದ್ರ ಒಂದು ಮಟ್ಟದಲ್ಲಿ ನಿಂತದ್ದನ್ನು ಯಾರು ಕಂಡಿದ್ದಾರೆ? ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಅವೂ ಒಂದರಂತೆ ಒಂದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಚಂದ್ರನ ದಾರಿಯ ಓರೆ ಮೊದಲಿನ ಸ್ಥಿತಿಗೆ ಮರಳಲು 18.6 ವರ್ಷ ಬೇಕು. ಆದ್ದರಿಂದ ಬಂದರಿನಲ್ಲಿ ಮಾಪಕ ಇಟ್ಟು, ಗಂಟೆಗಂಟೆಗೂ ನೀರಿನ ಮಟ್ಟ ಬರೆದು, ಸುಮಾರು 19 ವರ್ಷಗಳ ಲೆಕ್ಕದ ಸರಾಸರಿ ತೆಗೆದರೆ ಮಾತ್ರ ಅದನ್ನು ನಿಜವಾದ ಅರ್ಥದಲ್ಲಿ ಸರಾಸರಿ ಸಮುದ್ರಮಟ್ಟ ಎನ್ನಬಹುದು. ನೀನು ಸ್ಟಾಫ್, ಎಂದರೆ ಅಳತೆಗೋಲು, ಹಿಡಿಸಿ ಓದುವ ಪ್ರತಿ ಅಂಕಿಯ ಹಿಂದೆ ಅಷ್ಟು ವರ್ಷ ಯಾರೋ ಕೂತು ಬರೆದ ಲೆಕ್ಕವಿದೆ.

ಭಾರತದಲ್ಲಿ ನಿಖರವಾದ ಲೆವೆಲಿಂಗ್ ಶುರುವಾದದ್ದು 1858ರಲ್ಲಿ. ದೇಶವಿಡೀ ಎಳೆದ ಸಾಲುಗಳನ್ನು ಒಂದೇ ಜಾಲವಾಗಿ ಸರಿಹೊಂದಿಸಿ ಮುಗಿಸುವಾಗ 1909 ಆಗಿತ್ತು. ಅರ್ಧ ಶತಮಾನ! ಆ ಜಾಲವನ್ನು ಒಂಬತ್ತು ಬಂದರುಗಳ ಸಮುದ್ರಮಟ್ಟಕ್ಕೆ ಕಟ್ಟಿಹಾಕಿದರು. ಕರಾಚಿ, ಮುಂಬಯಿ, ಬೇಪೂರ್, ಕೊಚ್ಚಿ, ನಾಗಪಟ್ಟಣಂ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಜೊತೆಗೆ ನಮ್ಮ ಕಾರವಾರ. ಒಂಬತ್ತೂ ಕಡೆ ಸರಾಸರಿ ಸಮುದ್ರಮಟ್ಟ ಒಂದೇ ಎಂದು ಇಟ್ಟುಕೊಂಡರು. ಅದು ಪೂರ್ತಿ ನಿಜವಲ್ಲ. ನೀರಿನ ಉಪ್ಪು, ಪ್ರವಾಹ, ಗಾಳಿ ಎಲ್ಲವೂ ಸೇರಿ ಒಂದೊಂದು ಕರಾವಳಿಯಲ್ಲಿ ಸರಾಸರಿ ಮಟ್ಟವನ್ನು ಅಷ್ಟಿಷ್ಟು ಏರಿಸಿ ಇಳಿಸುತ್ತವೆ. ಆದರೂ ಆ ಕಾಲದ ಸಾಧನಗಳಲ್ಲಿ ಮಾಡಿದ ಆ ಕೆಲಸವನ್ನು ನಾನು ಕೈಮುಗಿದೇ ನೆನೆಯುತ್ತೇನೆ.

ಅದಕ್ಕೂ ಹಿಂದಿನದು ಲ್ಯಾಂಬ್ಟನ್ ಕತೆ. 1802ರಲ್ಲಿ ಮದ್ರಾಸಿನ ಹತ್ತಿರ ಬೇಸ್‌ಲೈನ್, ಎಂದರೆ ಮೊದಲ ಆಧಾರ ಗೆರೆ, ಅಳೆದು ಹೊರಟ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ತ್ರಿಕೋನಗಳನ್ನು ಹೆಣೆಯುತ್ತಾ ಬಂದು ಪಶ್ಚಿಮ ಸಮುದ್ರ ಮುಟ್ಟಿದ್ದು ನಮ್ಮ ಮಂಗಳೂರಿನಲ್ಲಿಯೇ. ಅಲ್ಲಿವರೆಗಿನ ನಕ್ಷೆಗಳು ಸುಮಾರು 400 ಮೈಲಿ ಎಂದು ತೋರಿಸುತ್ತಿದ್ದ ಈ ಎರಡು ಕರಾವಳಿಗಳ ನಡುವಿನ ಅಗಲ ಅಳೆದಾಗ 360 ಮೈಲಿಗೆ ಇಳಿಯಿತು. ನೀನು ಈಗ ಯಂತ್ರ ಇಟ್ಟು ನಿಲ್ಲುವ ಊರು ಅಂಥದ್ದು.

ಇನ್ನು ನಿನ್ನ ಕೆಲಸಕ್ಕೆ ಬರುತ್ತೇನೆ. ಅಳಿವೆಬಾಗಿಲಿನಲ್ಲಿ ನಿನ್ನ ಕೈಗೆ ಎರಡು ಕಾಗದ ಬರುತ್ತವೆ. ನೀರಿನ ಆಳದ ಚಾರ್ಟು ಒಂದು, ಜೆಟ್ಟಿಯ ಡ್ರಾಯಿಂಗ್ ಇನ್ನೊಂದು. ಡ್ರಾಯಿಂಗಿನ ಆರ್.ಎಲ್. (ರಿಡ್ಯೂಸ್ಡ್ ಲೆವೆಲ್, ಡೇಟಮ್‌ನಿಂದ ಎಣಿಸಿದ ಎತ್ತರ) ಸಾಮಾನ್ಯವಾಗಿ ಸರಾಸರಿ ಸಮುದ್ರಮಟ್ಟದಿಂದ ಇರುತ್ತದೆ. ಚಾರ್ಟಿನಲ್ಲಿ ಬರೆದ ಆಳ ಹಾಗಲ್ಲ. ಅದನ್ನು ಚಾರ್ಟ್ ಡೇಟಮ್‌ನಿಂದ ಎಣಿಸುತ್ತಾರೆ, ಎಂದರೆ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಹೋಗದ ಇಳಿತದ ಮಟ್ಟದಿಂದ. ನಮ್ಮ ಮಂಗಳೂರಿನ ಕಡೆ ಇವೆರಡರ ನಡುವೆ ಹೆಚ್ಚುಕಡಿಮೆ ಒಂದು ಮೀಟರ್ ಅಂತರವಿದೆ. ಒಂದೇ ದಂಡೆಯಲ್ಲಿ ನಿಂತು ಒಂದು ಮೀಟರ್ ಅಂತರದ ಎರಡು ಸೊನ್ನೆಗಳನ್ನು ನೀನು ಸಂಭಾಳಿಸಬೇಕು. ಒಂದರ ಲೆಕ್ಕವನ್ನು ಇನ್ನೊಂದರೊಳಗೆ ಸೇರಿಸಿಬಿಟ್ಟರೆ ಹೂಳು ಒಂದು ಮೀಟರ್ ಕಡಿಮೆ ಎತ್ತಿದಂತೆ ಆಗುತ್ತದೆ, ಇಲ್ಲವೇ ಒಂದು ಮೀಟರ್ ಹೆಚ್ಚು. ಕಡಿಮೆಯಾದರೆ ಇಳಿತದಲ್ಲಿ ಬೋಟು ಮರಳಿಗೆ ತಾಗುತ್ತದೆ. ಅಳಿವೆಯಲ್ಲಿ ಬೋಟು ತಾಗಿ ನಿಂತು ಮೇಲಿಂದ ತೆರೆ ಹೊಡೆದರೆ ಏನಾಗುತ್ತದೆಂದು ಮಲ್ಪೆಯ, ಮಂಗಳೂರಿನ ಯಾವ ತಾಂಡೇಲನನ್ನು ಕೇಳಿದರೂ ಹೇಳುತ್ತಾನೆ.

ಎರಡು ಸೊನ್ನೆ ಯಾಕೆ ಇಟ್ಟರು ಎಂದು ಸಿಟ್ಟು ಮಾಡಬೇಡ. ಹಡಗಿನವನಿಗೆ ಚಾರ್ಟಿನಲ್ಲಿ 4 ಮೀಟರ್ ಎಂದಿದ್ದರೆ ಇಳಿತದಲ್ಲೂ ಅಷ್ಟು ನೀರು ಸಿಗುತ್ತದೆಂಬ ಧೈರ್ಯ ಬೇಕು. ಅದೇ ಚಾರ್ಟಿನಲ್ಲಿ ಸೇತುವೆಯ ಅಡಿಯ ಎಡೆಯನ್ನು ಭರತದ ಮಟ್ಟದಿಂದ ಮೇಲೆ ಅಳೆದು ಬರೆದಿರುತ್ತಾರೆ, ನೀರು ಏರಿದಾಗಲೂ ಬೋಟಿನ ಕೂವೆಮರ ತಾಗಬಾರದು ಎಂದು. ಆಳಕ್ಕೆ ಕೆಳಗಿನ ನೀರು, ಎಡೆಗೆ ಮೇಲಿನ ನೀರು, ದಡದ ಎತ್ತರಕ್ಕೆ ನಡುವಿನ ನೀರು. ಯಾರ ಜೀವ ಕಾಯಬೇಕು ಎಂದು ಮೊದಲು ಯೋಚಿಸಿ ಆಮೇಲೆ ಸೊನ್ನೆ ಇಟ್ಟಿದ್ದಾರೆ. ನನಗೆ ಇಡೀ ಸರ್ವೆ ವಿದ್ಯೆಯಲ್ಲಿ ಇಷ್ಟು ಹಿಡಿಸಿದ ಮಾತು ಇನ್ನೊಂದಿಲ್ಲ. ಹಿಂದೂ ಮಹಾಸಾಗರದ ಇಳಿತಗಳು ಒಂದಕ್ಕೊಂದು ಸಮವಿಲ್ಲದ್ದನ್ನು ನೋಡಿ ಇಲ್ಲಿಗೆಂದೇ ಒಂದು ಡೇಟಮ್ ರೂಪಿಸಿದವರು ಜಾರ್ಜ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಮಗ. ಚಂದ್ರ, ಸೂರ್ಯರಿಂದ ಏಳುವ ಅಲೆಗಳಲ್ಲಿ ಮುಖ್ಯವಾದ ನಾಲ್ಕನ್ನು ಕೂಡಿಸಿ ಸರಾಸರಿ ಮಟ್ಟದಿಂದ ಕಳೆದು ಆ ತಳವನ್ನು ಕಂಡುಕೊಂಡರು. ಯಾವ ಡೇಟಮ್ ಬಳಸಿದ್ದಾರೆಂದು ಚಾರ್ಟಿನ ಮೇಲೇ ಅಚ್ಚು ಹಾಕಿರುತ್ತಾರೆ. ಆಳ ಓದುವುದಕ್ಕೆ ಮುಂಚೆ ಅದನ್ನು ಓದು.

ಜಿಪಿಎಸ್ ಇದೆಯಲ್ಲ ಎಂದು ನೀನು ಹೇಳುವೆ. ಒಳ್ಳೆಯ ಸಾಧನ, ಬೇಡ ಎನ್ನುವುದಿಲ್ಲ. ಆದರೆ ಅದು ಎತ್ತರ ಎಣಿಸುವುದು ಭೂಮಿಯ ಆಕಾರಕ್ಕೆ ಹೊಂದಿಸಿದ ಒಂದು ಗಣಿತದ ಅಂಡಾಕಾರದಿಂದ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಕಡಿಮೆ ಇರುವುದರಿಂದ ಅಲ್ಲಿ ಸಮುದ್ರದ ಮೈ ಆ ಅಂಡಾಕಾರಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಆ ತಗ್ಗಿನ ಅಂಚು ನಮ್ಮವರೆಗೂ ಚಾಚಿದೆ. ಸರಿಪಡಿಸದ ಜಿಪಿಎಸ್ ಎತ್ತರ ಹಿಡಿದು ಪಣಂಬೂರಿನ ಮರಳಲ್ಲಿ ನಿಂತರೆ ಅದು ಸೊನ್ನೆಗಿಂತ 80–90 ಮೀಟರ್ ಕೆಳಗೆ ನಿಂತಿದ್ದೀ ಎನ್ನುತ್ತದೆ. ಹೊಸಬರು ಗಾಬರಿಯಾಗಿ ಯಂತ್ರ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿಲ್ಲ, ಅದರ ಸೊನ್ನೆ ಬೇರೆ.

ದೊಡ್ಡದೊಡ್ಡ ದೇಶಗಳೇ ಇಲ್ಲಿ ಎಡವಿವೆ. ಜರ್ಮನಿ, ಸ್ವಿಟ್ಜರ್ಲೆಂಡ್ ಸೇರಿ ಲೌಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಸೇತುವೆ ಕಟ್ಟುತ್ತಿದ್ದವು. ಒಬ್ಬರ ಸೊನ್ನೆ ಉತ್ತರ ಸಮುದ್ರದ್ದು, ಇನ್ನೊಬ್ಬರದು ಮೆಡಿಟರೇನಿಯನ್‌ನದ್ದು. ಅಂತರ 27 ಸೆಂಟಿಮೀಟರ್ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೂಡಿಸಬೇಕಾದಲ್ಲಿ ಕಳೆದರು. 2003ರಲ್ಲಿ ನೋಡಿದರೆ ಎರಡು ದಡಗಳ ನಡುವೆ 54 ಸೆಂಟಿಮೀಟರ್ ವ್ಯತ್ಯಾಸ. ಅಂತರ ಗೊತ್ತಿದ್ದರೆ ಸಾಲದು, ಯಾವ ಕಡೆಗೆ ಎಂಬುದನ್ನು ಚಿತ್ರ ಬರೆದು ನೋಡಬೇಕು. ನೀನು ಫೀಲ್ಡ್ ಬುಕ್ಕಿನ ಮೊದಲ ಪುಟದಲ್ಲೇ ಎರಡು ಗೆರೆ ಎಳೆ. ಮೇಲಿನದು ಸರಾಸರಿ ಸಮುದ್ರಮಟ್ಟ, ಕೆಳಗಿನದು ಚಾರ್ಟ್ ಡೇಟಮ್, ನಡುವೆ ಬಂದರಿನವರು ಕೊಟ್ಟ ಅಂತರ. ಆ ಅಂಕಿಯನ್ನು ಅವರಿಂದ ಬರಹದಲ್ಲೇ ತೆಗೆದುಕೋ, ಬಾಯಿಮಾತು ಬೇಡ.

ಬೆಂಚ್ ಮಾರ್ಕ್ ವಿಷಯ. ಹಿಂದೆ ಸರ್ವೆಯವರು ಕಲ್ಲಿನಲ್ಲಿ ಅಡ್ಡ ಗೆರೆ ಕೊರೆದು, ಅದರೊಳಗೆ ಕಬ್ಬಿಣದ ಪಟ್ಟಿ ಸಿಕ್ಕಿಸಿ, ಅದರ ಮೇಲೆ ಸ್ಟಾಫ್ ನಿಲ್ಲಿಸುತ್ತಿದ್ದರು. ಆ ಕೂರುಮಣೆಯೇ ಬೆಂಚು. ಡೇಟಮ್ ಕಣ್ಣಿಗೆ ಕಾಣುವುದಿಲ್ಲ, ಅದನ್ನು ನಿನ್ನ ಕೈಗೆ ಮುಟ್ಟಿಸುವುದು ಈ ಗುರುತು. ಜಿ.ಟಿ.ಎಸ್. (ಗ್ರೇಟ್ ಟ್ರಿಗನೊಮೆಟ್ರಿಕಲ್ ಸರ್ವೆ) ಎಂದು ಕೊರೆದ ಹಳೆಯ ಕಲ್ಲು ಎಲ್ಲಾದರೂ ಉಳಿದಿದ್ದರೆ ಅದು ಅಲುಗಾಡಿದೆಯೇ ಎಂದು ಇನ್ನೊಂದರಿಂದ ಪರೀಕ್ಷಿಸಿಯೇ ನಂಬು. ರಸ್ತೆ ಅಗಲ ಮಾಡುವಾಗ ಕಿತ್ತು ಪಕ್ಕಕ್ಕೆ ನೆಟ್ಟಿರಲೂಬಹುದು. ನೀನೇ ಟಿ.ಬಿ.ಎಂ., ಎಂದರೆ ತಾತ್ಕಾಲಿಕ ಬೆಂಚ್ ಮಾರ್ಕ್, ಇಡುವಾಗ ಮುರಕಲ್ಲಿನ ಮೇಲೆ ಇಡಬೇಡ, ಎರಡು ಮಳೆಗೆ ಅಂಚು ಕರಗುತ್ತದೆ. ಮರದ ಬೇರು ಬೇಡ, ಹೊಸ ಮೋರಿಯ ಗಾರೆ ಬೇಡ. ಹಳೆಯ ಕಟ್ಟಡದ ಕಗ್ಗಲ್ಲಿನ ಪಂಚಾಂಗ (ಅಡಿಪಾಯದ ಕಟ್ಟೆ) ಸಿಕ್ಕಿದರೆ ಯಜಮಾನರನ್ನು ಕೇಳಿ ಅಲ್ಲಿ ಇಡು.

ಮತ್ತೆ ಈ ‘ಆರ್.ಎಲ್. 100.000 ಎಂದಿಟ್ಟುಕೊಳ್ಳೋಣ’ ಎನ್ನುವ ಅಭ್ಯಾಸ. ಚಿಕ್ಕ ಕೆಲಸಕ್ಕೆ ತಪ್ಪಿಲ್ಲ. ಆದರೆ ನಮ್ಮ ಜಿಲ್ಲೆಯ ಒಂದು ಬಡಾವಣೆಯಲ್ಲಿ ಚರಂಡಿಯನ್ನು ಎರಡು ತುಂಡು ಮಾಡಿ ಇಬ್ಬರಿಗೆ ವಹಿಸಿದ್ದರು. ಇಬ್ಬರೂ ತಮ್ಮತಮ್ಮ ಗೇಟಿನ ಕಲ್ಲನ್ನು 100 ಎಂದು ಹಿಡಿದರು. ಇಬ್ಬರ ಲೆಕ್ಕವೂ ಸರಿ, ಅಳತೆ ಮುಗಿಸಿ ತಾಳೆ ನೋಡಿದಾಗ ಉಳಿಯುವ ವ್ಯತ್ಯಾಸ, ಕ್ಲೋಸಿಂಗ್ ಎರರ್, ಕೂಡ ಮಿತಿಯಲ್ಲಿಯೇ ಇತ್ತು. ಕೂಡುವ ಜಾಗದಲ್ಲಿ ನೀರು ಹಿಂದಕ್ಕೆ ತಿರುಗಿ, ಆಷಾಢದಲ್ಲಿ ತಗ್ಗಿನ ಮನೆಗಳ ಒಳಗೆ ಬಂತು. ಅಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತವರನ್ನು ನಾನು ನೋಡಿದ್ದೇನೆ. ಆದ್ದರಿಂದ ಎಷ್ಟು ದೂರವಾದರೂ ನಡೆದುಹೋಗಿ ಒಂದು ಸಾಮಾನ್ಯ ಗುರುತಿಗೆ ಕಟ್ಟು. ಮೇಲಿನವರು ಸಮಯವಿಲ್ಲ ಎಂದರೆ ಗೌರವದಿಂದಲೇ ಹೇಳು, ಆದರೆ ಬಿಟ್ಟುಕೊಡಬೇಡ.

ಲೆವೆಲ್ ಯಂತ್ರ ಸರಿಯಿದೆಯೇ ಎಂದು ನೋಡುವ ಟೂ ಪೆಗ್ ಟೆಸ್ಟ್ ಬಗ್ಗೆ ಕೇಳಿದ್ದೆಯಂತೆ. ಅದನ್ನು ಬರೆಯುವುದಕ್ಕಿಂತ ಮಾಡಿ ತೋರಿಸುವುದು ಒಳ್ಳೆಯದು. ಚೌತಿಗೆ ಬರುವಾಗ ಆಟೋ ಲೆವೆಲ್ ತರಲು ಅನುಮತಿ ಸಿಗುತ್ತದೆಯೇ ಕೇಳು, ಸ್ಟಾಫ್ ಇಲ್ಲಿ ನನ್ನ ಹತ್ತಿರ ಇದೆ. ಬಿಸಿಲಿಗೆ ಟೋಪಿ ಹಾಕಿಕೋ. ನಿನ್ನ ಅಪ್ಪನಿಗೆ ಬಿ.ಪಿ. ಮಾತ್ರೆ ಮರೆಯದಂತೆ ಹೇಳು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ