ಲೆಸ್ಟರ್‌ನ ಹಳೆಯ ಪುರಭವನ

ತೀರ್ಥರೂಪು ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿದ್ದೇನೆ, ನಿಮ್ಮ ಹಾಗೂ ಅಮ್ಮನ ಆರೋಗ್ಯದ ಬಗ್ಗೆ ಬರೆಯಿರಿ.

ಪುರಸಭೆಯ ಕಡತಗಳ ನಡುವೆಯೇ ನೌಕರಿ ಮುಗಿಸಿದ ನಿಮಗೆ, ಕಳೆದ ಭಾನುವಾರ ನಾನು ನೋಡಿದ ಗಿಲ್ಡ್‌ಹಾಲ್, ಎಂದರೆ ಇಂಗ್ಲೆಂಡಿನ ಈ ಲೆಸ್ಟರ್ ಊರಿನ ಹಳೆಯ ಪುರಭವನದ ಕುರಿತು ಹೇಳಲೇಬೇಕು. ಇಲ್ಲಿನ ಮುಖ್ಯ ಚರ್ಚಾದ ಕೆಥೆಡ್ರಲ್‌ನ ಪಕ್ಕದಲ್ಲಿರುವ ಈ ಮರದ ಚೌಕಟ್ಟಿನ ಕಟ್ಟಡದ ದೊಡ್ಡ ಸಭಾಂಗಣವನ್ನು ಸುಮಾರು 1390ರಲ್ಲಿ ಕಾರ್ಪಸ್ ಕ್ರಿಸ್ಟಿ ಎಂಬ ಧಾರ್ಮಿಕ ಸಂಘ ತನ್ನ ಸಭೆಗಳಿಗೂ ಔತಣಗಳಿಗೂ ಕಟ್ಟಿಸಿಕೊಂಡಿತ್ತು. ಮುಂದೆ ಅಂಥ ಸಂಘಗಳೆಲ್ಲ ಸರ್ಕಾರದ ಆಜ್ಞೆಯಿಂದ ರದ್ದಾದ ಮೇಲೆ, 1563ರಲ್ಲಿ ಅದು ನಗರಾಡಳಿತದ ಪಾಲಾಯಿತು. 1876ರಲ್ಲಿ ಹೊಸ ಟೌನ್‌ಹಾಲ್ ತೆರೆಯುವವರೆಗೆ, ಎಂದರೆ ಮುನ್ನೂರು ವರ್ಷಕ್ಕೂ ಮಿಕ್ಕಿ, ಊರಿನ ಆಡಳಿತ ನಡೆದದ್ದು ಇಲ್ಲಿಂದಲೇ.

ನನಗೆ ಬೆರಗೆನಿಸಿದ್ದು ಅದರ ಇಕ್ಕಟ್ಟು. ಮೇಯರ್ ಕೂರುತ್ತಿದ್ದ ಕೋಣೆ ನಮ್ಮ ನಡುಮನೆಗಿಂತ ಬಹಳ ದೊಡ್ಡದೇನಲ್ಲ. ಅಗ್ಗಿಷ್ಟಿಕೆಯ ಮೇಲಿರುವ, ಬಣ್ಣ ಬಳಿದ 1637ರ ಕೆತ್ತನೆಯೊಂದೇ ಅಲ್ಲಿನ ವೈಭವ. 1632ರಲ್ಲಿ ಪಕ್ಕದ ಚರ್ಚಿನಿಂದ ಊರಿನ ಗ್ರಂಥಾಲಯವನ್ನೂ ಇಲ್ಲಿಗೇ ತಂದರು. ಸಭಾಂಗಣದಲ್ಲಿ ನ್ಯಾಯಾಲಯವೂ ಕೂರುತ್ತಿತ್ತು. 1836ರಲ್ಲಿ ನಗರಕ್ಕೆ ಪೊಲೀಸ್ ಪಡೆ ಬಂದಾಗ ಠಾಣೆಗೂ ಇದೇ ಸೂರು. ಅಂದಿನ ಲಾಕಪ್ ಕೋಣೆಗಳೊಳಗೆ ಈಗ ಕೈದಿಗಳ ಗೊಂಬೆಗಳಿವೆ. ಪುಸ್ತಕ ಓದುವವನು, ತಕರಾರು ತಂದವನು, ಕಳ್ಳ, ಮೇಯರ್ ಎಲ್ಲರೂ ಒಂದೇ ಅಂಗಳ ದಾಟಿ ಹೋಗುತ್ತಿದ್ದ ಕಚೇರಿಯನ್ನು ನೀವು ಕಲ್ಪಿಸಿಕೊಳ್ಳಬಲ್ಲಿರಿ. ಜಾಗ ಸಾಲದೆಂದು ನೀವು ಗೊಣಗುತ್ತಿದ್ದುದು ನೆನಪಾಗಿ ನಗು ಬಂತು.

ರಾಜನಿಗೂ ಸಂಸತ್ತಿಗೂ ಅಂತರ್ಯುದ್ಧ ನಡೆದಾಗ, 1645ರ ಮೇ ತಿಂಗಳಿನಲ್ಲಿ ರಾಜನ ಸೈನ್ಯ ಗೋಡೆ ಒಡೆದು ಊರನ್ನು ಸೂರೆ ಮಾಡಿದ ಕಥೆಯೂ ಈ ಊರಿನದೇ. ಅಂಥ ದಾಳಿಯನ್ನು ಕಂಡು ಉಳಿದ ಕಟ್ಟಡ, ಆಡಳಿತ ಹೊಸ ಭವನಕ್ಕೆ ಹೋದ ಮೇಲೆ ಶಿಥಿಲವಾಗುತ್ತ ಬಂದು, ಕೆಡವಿಬಿಡುವ ಮಾತಿನವರೆಗೂ ಹೋಯಿತಂತೆ. ಕಡೆಗೆ ದುರಸ್ತಿಯಾಗಿ 1926ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಒಳಗಿಟ್ಟ ವಸ್ತುಗಳಿಗಿಂತ ಬಾಗಿದ ತೊಲೆಗಳನ್ನೇ ನಾನು ಹೆಚ್ಚು ಹೊತ್ತು ನೋಡಿದೆ.

ಫೋಟೋಗಳನ್ನು ತಮ್ಮನ ಫೋನಿಗೆ ಕಳಿಸಿದ್ದೇನೆ. ಮೇಯರ್ ಕೋಣೆಯದನ್ನು ದೊಡ್ಡದು ಮಾಡಿ ನೋಡಿ. ಆ ಕೋಣೆಯಲ್ಲಿ ಕಡತಗಳನ್ನು ಎಲ್ಲಿ ಜೋಡಿಸುತ್ತಿದ್ದರೆಂದು ನಿಮಗಾದರೂ ಹೊಳೆದರೆ ಬರೆಯಿರಿ.

ಇತಿ,
ನಿಮ್ಮ ಮಗಳು