ಬಿಸಿಲೆ ದಾರಿಯಲ್ಲಿ ಸಿಕ್ಕ ಅಜ್ಜನಿಗೆ

ಅಜ್ಜ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕಳೆದ ಭಾನುವಾರ ಬೆಳಗ್ಗೆ ಬಿಸಿಲೆ ಘಾಟಿಯ ತಿರುವಿನಲ್ಲಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೋಟದ ಕೆಲಸಕ್ಕೆ ಹೊರಟಿದ್ದವರು ನನ್ನನ್ನು ಕಂಡು ನಿಂತಿರಿ. "ನೀಲಿ ಹಕ್ಕಿಯಾ? ಅದು ಮರದ ತುದೀಲಿ ಕೂರಲ್ಲ ಮಾರಾಯ್ರೆ, ಸೊಂಟದ ಮಟ್ಟಕ್ಕೆ ನೋಡಿ" ಎಂದಿರಿ.

ಮೂರು ವರ್ಷದಿಂದ ಹುಡುಕುತ್ತಿದ್ದೆ, ಬಿಳಿಹೊಟ್ಟೆಯ ನೀಲಿ ನೊಣಹಿಡುಕವನ್ನು. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಗಾತ್ರ ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟು. ನಿತ್ಯಹರಿದ್ವರ್ಣ ಕಾಡಿನ ಪೊದೆಗತ್ತಲಲ್ಲಿ ಸುಮ್ಮನೆ ಕೂತುಬಿಡುತ್ತದೆ. ಗಂಡಿನ ಕಡುನೀಲಿ ಆ ನೆರಳಿನಲ್ಲಿ ಕಪ್ಪಾಗಿಯೇ ಕಾಣುತ್ತದೆ.

ಅರ್ಧ ಗಂಟೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಿರಿ. ಕಾಲಿಗೆ ಇಂಬಳ ಹತ್ತಿದರೂ ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಗಲ್ಲ ಎತ್ತಿ ತೋರಿಸಿದಿರಿ: ಬೆತ್ತದ ಪೊದೆಯ ಬದಿಯಲ್ಲಿ ಕಿತ್ತಳೆಗೆಂಪು ಎದೆಯ ಹೆಣ್ಣು, ಅದರ ಹಿಂದೆಯೇ ಬಿಳಿ ಹೊಟ್ಟೆ ಮಿಂಚಿಸಿ ಗಂಡು! ಫೋಟೊ ಮಸುಕಾಗಿದೆ, ಇರಲಿ.

ನಿಮ್ಮ ಅವತ್ತಿನ ಕೂಲಿ ಹೋಯಿತೇನೋ ಎಂಬ ಚಿಂತೆ ನನಗಿನ್ನೂ ಇದೆ. ದುಡ್ಡು ಕೊಡಲು ಬಂದರೆ ಕೈಮುಗಿದು ನಡೆದುಬಿಟ್ಟಿರಿ. ಆ ಕಡೆಯವರು ಯಾರಾದರೂ ಇದನ್ನು ನಿಮಗೆ ಓದಿ ಹೇಳಲಿ. ನಿಮಗೆ ನನ್ನ ನಮಸ್ಕಾರ, ಅಜ್ಜ.